ಬದಲಾಗುವ ಹಗಲು ಬೆಳಕಿನ ಅನಿಮೇಶನ್‌ನಲ್ಲಿ ಫ್ಲಿಕರ್ (ಮಿನುಗಾಟ): ಎಲ್ಲಿಂದ ಬರುತ್ತದೆ, ಹೇಗೆ ತಡೆಯುವುದು?

ಪ್ರಶ್ನೆ: ಒಂದು ಕೋಣೆಯ ಒಳಾಂಗಣವನ್ನು ಬೆಳಿಗ್ಗೆ ಆರರಿಂದ ಸಂಜೆ ಆರರವರೆಗಿನ ಬೆಳಕಿನಲ್ಲಿ ತೋರಿಸುವ 20 ಸೆಕೆಂಡಿನ ಅನಿಮೇಶನ್ ಮಾಡುತ್ತಿದ್ದೇನೆ. ಕ್ಯಾಮೆರಾ ನಿಧಾನವಾಗಿ ಮುಂದೆ ಸರಿಯುತ್ತದೆ, ಹೊರಗೆ ಸೂರ್ಯ ಚಲಿಸುತ್ತಾನೆ. ವಿ-ರೇ ಎಂಬ ರೆಂಡರಿಂಗ್ (3ಡಿ ಮಾದರಿಯಿಂದ ಚಿತ್ರ ತೆಗೆಯುವ) ಸಾಫ್ಟ್‌ವೇರಿನಲ್ಲಿ, ಪುಟಿದ ಬೆಳಕನ್ನು ಲೆಕ್ಕ ಹಾಕಲು ಇರೇಡಿಯನ್ಸ್ ಮ್ಯಾಪ್ ಮತ್ತು ಲೈಟ್ ಕ್ಯಾಶ್ ಎಂಬ ವಿಧಾನಗಳನ್ನು ಬಳಸಿದ್ದೇನೆ. ಒಂದೊಂದೇ ಫ್ರೇಮ್ ನೋಡಿದರೆ ಚೆನ್ನಾಗಿದೆ, ಓಡಿಸಿದರೆ ಗೋಡೆ ಮತ್ತು ಛಾವಣಿಯ ಮೇಲೆ ಮಬ್ಬು ಕಲೆಗಳು ಮಿನುಗುತ್ತವೆ. ಸ್ಯಾಂಪಲ್ (ಲೆಕ್ಕಕ್ಕೆ ಬಿಡುವ ಕಿರಣಗಳ ಸಂಖ್ಯೆ) ಹೆಚ್ಚಿಸಿದರೂ ಹೋಗುತ್ತಿಲ್ಲ. ಕ್ಯಾಮೆರಾ ಮಾತ್ರ ಚಲಿಸುವ ಹಿಂದಿನ ಕೆಲಸಗಳಲ್ಲಿ ಇದೇ ಸೆಟ್ಟಿಂಗ್ ಸರಿಯಾಗಿತ್ತು. ಏನು ಮಾಡಬೇಕು?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಭಾಗದಲ್ಲೇ ಕಾರಣದ ಸುಳಿವಿದೆ. ಕ್ಯಾಮೆರಾ ಮಾತ್ರ ಚಲಿಸುವಾಗ ಕೋಣೆಯೊಳಗಿನ ಬೆಳಕು ಮೊದಲ ಫ್ರೇಮಿನಿಂದ ಕೊನೆಯ ಫ್ರೇಮಿನವರೆಗೆ ಒಂದೇ ಆಗಿರುತ್ತದೆ. ಗೋಡೆಯ ಒಂದು ಬಿಂದುವಿಗೆ ಎಷ್ಟು ಬೆಳಕು ಬೀಳುತ್ತದೆ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ಫೈಲಿನಲ್ಲಿ ಉಳಿಸಿಕೊಂಡರೆ ಆ ಲೆಕ್ಕ ಎಲ್ಲ ಫ್ರೇಮುಗಳಿಗೂ ಸಲ್ಲುತ್ತದೆ. ಅದರಲ್ಲಿ ಸಣ್ಣಪುಟ್ಟ ತಪ್ಪುಗಳಿದ್ದರೂ ಅವು ಗೋಡೆಗೆ ಅಂಟಿಕೊಂಡು ನಿಲ್ಲುವುದರಿಂದ ನೋಡುವವರಿಗೆ ಗೋಡೆಯ ಬಣ್ಣವೇ ಹಾಗಿದೆ ಎನ್ನಿಸುತ್ತದೆಯೇ ಹೊರತು ಮಿನುಗಿದಂತೆ ಕಾಣುವುದಿಲ್ಲ. ಸೂರ್ಯ ಚಲಿಸತೊಡಗಿದರೆ ಆ ಫೈಲು ಮುಂದಿನ ಫ್ರೇಮಿಗೇ ಹಳತಾಗುತ್ತದೆ. ಆಗ ಪ್ರತಿ ಫ್ರೇಮಿಗೂ ಹೊಸ ಲೆಕ್ಕ ಬೇಕು, ಪ್ರತಿ ಲೆಕ್ಕದ ತಪ್ಪೂ ಬೇರೆ ಬೇರೆ ಜಾಗದಲ್ಲಿ ಬೀಳುತ್ತದೆ. ನೀವು ನೋಡುತ್ತಿರುವ ಮಿನುಗಾಟ ಈ ಜಾಗ ಬದಲಿಸುವ ತಪ್ಪುಗಳೇ.

ಇರೇಡಿಯನ್ಸ್ ಮ್ಯಾಪ್‌ನ ಹಿಂದಿರುವ ಉಪಾಯವನ್ನು ವಾರ್ಡ್, ರೂಬಿನ್‌ಸ್ಟೈನ್ ಮತ್ತು ಕ್ಲಿಯರ್ 1988ರಲ್ಲಿ ಪ್ರಕಟಿಸಿದರು. ನಯವಾದ, ಹೊಳಪಿಲ್ಲದ ಮೇಲ್ಮೈಗಳ ಮೇಲೆ ಪುಟಿದು ಬರುವ ಬೆಳಕು ನಿಧಾನವಾಗಿ ಬದಲಾಗುತ್ತದೆ. ಆದ್ದರಿಂದ ಅಲ್ಲಲ್ಲಿ ಕೆಲವು ಬಿಂದುಗಳಲ್ಲಿ ಮಾತ್ರ ಎಚ್ಚರದಿಂದ ಅಳೆದು, ನಡುವಿನ ಜಾಗವನ್ನು ಅಂದಾಜಿನಿಂದ ತುಂಬಿದರೆ ಸಾಕು ಎಂಬುದು ಅದರ ತಿರುಳು. ಸ್ಥಿರಚಿತ್ರಕ್ಕೆ ಇದು ಇಂದಿಗೂ ಒಳ್ಳೆಯ ಉಪಾಯ. ಆದರೆ ಅಳತೆಯ ಬಿಂದುಗಳು ಎಲ್ಲಿ ಬೀಳಬೇಕೆಂಬುದನ್ನು ಪ್ರೋಗ್ರಾಮು ಆ ಫ್ರೇಮಿನ ಚಿತ್ರವನ್ನು ನೋಡಿಯೇ ತೀರ್ಮಾನಿಸುತ್ತದೆ. ಛಾವಣಿಯ ಒಂದು ಮೂಲೆಯಲ್ಲಿ ಈ ಫ್ರೇಮಿನಲ್ಲಿ ಏಳೆಂಟು ಬಿಂದುಗಳಿದ್ದರೆ ಮುಂದಿನದರಲ್ಲಿ ಅವು ಒಂದು ಗೇಣು ಆಚೆ ಬೀಳಬಹುದು. ಸ್ಯಾಂಪಲ್ ಹೆಚ್ಚಿಸಿದಾಗ ಪ್ರತಿ ಬಿಂದುವಿನ ಅಳತೆ ನಿಖರವಾಗುತ್ತದೆ ನಿಜ, ಆದರೆ ಬಿಂದುಗಳ ಜಾಗ ಬದಲಾಗುವುದು ನಿಲ್ಲುವುದಿಲ್ಲ. ಇತ್ತ ನಮ್ಮ ಕಣ್ಣು ಸೆಕೆಂಡಿಗೆ ಸುಮಾರು 10ರಿಂದ 20 ಬಾರಿ ಏರಿಳಿಯುವ ಬೆಳಕಿಗೆ ಬಹಳ ಸೂಕ್ಷ್ಮ. ಸ್ಥಿರಚಿತ್ರದಲ್ಲಿ ಯಾರಿಗೂ ಕಾಣದ ಅಲ್ಪ ವ್ಯತ್ಯಾಸ 25 ಫ್ರೇಮಿನ ವೇಗದಲ್ಲಿ ಎದ್ದು ಕುಣಿಯುತ್ತದೆ.

ಹೀಗಿದ್ದರೂ ಎಲ್ಲ ಮಿನುಗಾಟವನ್ನೂ ಇದರ ತಲೆಗೇ ಕಟ್ಟುವ ಮೊದಲು ಒಂದು ಪರೀಕ್ಷೆ ಮಾಡಿ. ಕ್ಯಾಮೆರಾ ಮತ್ತು ಸೂರ್ಯ ಎರಡನ್ನೂ ನಿಲ್ಲಿಸಿ, ಲೆಕ್ಕವನ್ನು ಪ್ರತಿ ಫ್ರೇಮಿಗೂ ಹೊಸದಾಗಿ ಮಾಡುವಂತೆ ಹೇಳಿ, ಹತ್ತು ಫ್ರೇಮು ರೆಂಡರ್ ಮಾಡಿ. ಏನೂ ಚಲಿಸದಿರುವಾಗಲೂ ಕಲೆಗಳು ಕುಣಿದರೆ ದೋಷ ಬೆಳಕಿನ ಲೆಕ್ಕದ್ದೇ. ಅವು ನಿಂತಿದ್ದು, ಸೂರ್ಯನನ್ನು ಮಾತ್ರ ಬಿಟ್ಟಾಗ ಮಿನುಗು ಬಂದರೆ ನೆರಳು, ಆಕಾಶ ಅಥವಾ ಎಕ್ಸ್‌ಪೋಶರ್ ಕಡೆ ನೋಡಬೇಕು. ಕ್ಯಾಮೆರಾ ಬಿಟ್ಟಾಗ ಮಾತ್ರ ಬಂದರೆ ಅದು ಬಹುಮಟ್ಟಿಗೆ ತೆಳುವಾದ ಅಂಚುಗಳು ಮತ್ತು ಸೂಕ್ಷ್ಮ ಟೆಕ್ಸ್‌ಚರ್‌ಗಳ ಆಂಟಿ-ಅಲಿಯಾಸಿಂಗ್ (ಅಂಚು ನಯಗೊಳಿಸುವ) ದೋಷ. ಅದಕ್ಕೂ ಹಗಲು ಬೆಳಕಿಗೂ ಸಂಬಂಧವಿಲ್ಲ. ಇದರ ಜೊತೆಗೆ ಪ್ರತಿ ಫ್ರೇಮಿನ ಸರಾಸರಿ ಪ್ರಕಾಶವನ್ನು ಒಂದು ರೇಖೆಯಾಗಿ ಎಳೆದು ನೋಡುವುದೂ ಒಳ್ಳೆಯದು. ದಿನದ ಬೆಳಕು ಏರಿ ಇಳಿಯುವ ರೇಖೆ ನುಣುಪಾಗಿರಬೇಕು. ಅದರಲ್ಲಿ ಹಲ್ಲು ಹಲ್ಲಾಗಿ ಕಂಡರೆ ಇಡೀ ಚಿತ್ರವೇ ಮಿನುಗುತ್ತಿದೆ. ರೇಖೆ ನುಣುಪಾಗಿದ್ದೂ ಕಣ್ಣಿಗೆ ಮಿನುಗು ಕಂಡರೆ ದೋಷ ಗೋಡೆಯ ಕೆಲವೆಡೆ ಮಾತ್ರ ಇದೆ ಎಂದರ್ಥ.

ಆದರೆ ನಿಜವಾದ ಬದಲಾವಣೆಯನ್ನು ದೋಷವೆಂದು ತಿಳಿಯಬೇಡಿ. ಕಿಟಕಿಯಿಂದ ಬಿದ್ದ ಬಿಸಿಲಿನ ಚೌಕ ಬಿಳಿ ನೆಲದಿಂದ ಸರಿದು ಕೆಂಪು ಜಮಖಾನದ ಮೇಲೆ ಹತ್ತಿದಾಗ ಛಾವಣಿಗೆ ಕೆಂಪು ಛಾಯೆ ಬರುವುದು, ಆ ಚೌಕ ಕಿಟಕಿಯ ಚೌಕಟ್ಟಿನ ನೆರಳಿನಲ್ಲಿ ಮರೆಯಾದಾಗ ಕೋಣೆ ಮಂಕಾಗುವುದು ಸಹಜ. 12 ಗಂಟೆಯ ಬೆಳಕನ್ನು 20 ಸೆಕೆಂಡಿಗೆ ಇಳಿಸಿದಾಗ ಇವು ಬೇಗ ಬೇಗ ನಡೆಯುತ್ತವೆ, ಅಷ್ಟೆ.

ಈಗ ಪರಿಹಾರಕ್ಕೆ ಬರೋಣ. ಬೆಳಕೇ ಬದಲಾಗುವ ದೃಶ್ಯದಲ್ಲಿ ಒಂದು ಫ್ರೇಮಿನ ಲೆಕ್ಕವನ್ನು ಮತ್ತೊಂದಕ್ಕೆ ಹೊತ್ತೊಯ್ಯುವ ಯಾವ ಪದ್ಧತಿಯನ್ನೂ ಪ್ರಾಥಮಿಕ ಪುಟಿತಕ್ಕೆ (ಬೆಳಕಿನ ಮೊದಲ ಪುಟಿತಕ್ಕೆ) ಬಳಸಬೇಡಿ ಎಂಬುದೇ ನನ್ನ ಖಚಿತ ಸಲಹೆ. ವಿ-ರೇಯಲ್ಲಿ ಇದರರ್ಥ ಪ್ರಾಥಮಿಕಕ್ಕೆ ಬ್ರೂಟ್ ಫೋರ್ಸ್ (ಏನನ್ನೂ ಉಳಿಸಿಕೊಳ್ಳದೆ ಪ್ರತಿ ಬಿಂದುವನ್ನೂ ನೇರವಾಗಿ ಲೆಕ್ಕಿಸುವುದು), ದ್ವಿತೀಯಕಕ್ಕೆ, ಅಂದರೆ ನಂತರದ ಪುಟಿತಗಳಿಗೆ, ಪ್ರತಿ ಫ್ರೇಮಿಗೂ ಹೊಸದಾಗಿ ಲೆಕ್ಕಿಸುವ ಲೈಟ್ ಕ್ಯಾಶ್. ಲೈಟ್ ಕ್ಯಾಶಿನಲ್ಲೂ ತಪ್ಪುಗಳಿರುತ್ತವೆ, ಆದರೆ ಅವು ಕಣ್ಣಿಗೆ ನೇರವಾಗಿ ಬೀಳದೆ ಒಂದು ಪುಟಿತದ ಆಚೆಯಿಂದ, ನೂರಾರು ಕಿರಣಗಳಲ್ಲಿ ಹಂಚಿಹೋಗಿ ಬರುವುದರಿಂದ ಬಹುಪಾಲು ಕರಗುತ್ತವೆ. ಅದರ ಸಬ್‌ಡಿವ್ಸ್ (ಸ್ಯಾಂಪಲ್ ಪ್ರಮಾಣ) ಅನ್ನು 3000ದ ಮಟ್ಟದಲ್ಲೂ ರಿಟ್ರೇಸ್ ಅನ್ನು 8ರ ಮಟ್ಟದಲ್ಲೂ ಇಡಿ. ರಿಟ್ರೇಸ್ ಹೆಚ್ಚಿದ್ದಾಗ ಗೋಡೆಗಳು ಕೂಡುವ ಮೂಲೆಗಳಂಥ ಅಪಾಯದ ಜಾಗಗಳಲ್ಲಿ ಪ್ರೋಗ್ರಾಮು ಕ್ಯಾಶನ್ನು ನಂಬದೆ ಕಿರಣವನ್ನೇ ಬಿಟ್ಟು ನೋಡುತ್ತದೆ. ಲೈಟ್ ಕ್ಯಾಶಿನ ಫ್ಲೈ-ಥ್ರೂ ಆಯ್ಕೆ ಇಲ್ಲಿ ಸಲ್ಲದು, ಅದು ಕ್ಯಾಮೆರಾ ಮಾತ್ರ ಚಲಿಸುವ ದೃಶ್ಯಕ್ಕೆ ಮೀಸಲು. ಕೊರೋನಾ ಎಂಬ ರೆಂಡರರ್ ಬಳಸುವವರು ದ್ವಿತೀಯಕಕ್ಕೂ ಪಾತ್ ಟ್ರೇಸಿಂಗ್ (ಕಿರಣಗಳನ್ನು ನೇರವಾಗಿ ಹಿಂಬಾಲಿಸುವ ವಿಧಾನ) ಇಟ್ಟುಕೊಳ್ಳಬಹುದು. ಬ್ಲೆಂಡರ್‌ನ ಸೈಕಲ್ಸ್‌ನಲ್ಲಿ ಇಂಥ ಕ್ಯಾಶ್ ಇಲ್ಲದಿರುವುದರಿಂದ ಈ ಬಗೆಯ ಕಲೆಗಳ ಪ್ರಶ್ನೆಯೇ ಇಲ್ಲ. ಅಲ್ಲಿ ತೊಂದರೆ ನಾಯ್ಸ್‌ನಿಂದ, ಅಂದರೆ ಚಿತ್ರದಲ್ಲಿ ಕಾಳುಕಾಳಾಗಿ ಕಾಣುವ ಚುಕ್ಕಿಗಳಿಂದ, ಶುರುವಾಗುತ್ತದೆ.

ಇರೇಡಿಯನ್ಸ್ ಮ್ಯಾಪನ್ನು ಬಿಡಲೇ ಆಗದಷ್ಟು ಸಮಯದ ಒತ್ತಡವಿದ್ದರೆ ಅದರ ಅನಿಮೇಶನ್ ಪ್ರೀಪಾಸ್ ವಿಧಾನ ಒಂದು ಮಧ್ಯದ ದಾರಿ. ಮೊದಲ ಸುತ್ತಿನಲ್ಲಿ ಪ್ರತಿ ಫ್ರೇಮಿಗೂ ಒಂದು ಮ್ಯಾಪ್ ಫೈಲನ್ನು ಉಳಿಸಿ, ಎರಡನೆಯ ಸುತ್ತಿನಲ್ಲಿ ಹಿಂದಿನ ಮತ್ತು ಮುಂದಿನ ಕೆಲವು ಫ್ರೇಮುಗಳ ಮ್ಯಾಪುಗಳನ್ನು ಬೆರೆಸಿ ರೆಂಡರ್ ಮಾಡಲಾಗುತ್ತದೆ. ಬೆರೆಸಿದಾಗ ತಪ್ಪುಗಳು ಒಂದನ್ನೊಂದು ಸವೆಸುತ್ತವೆ. ಜೊತೆಗೆ ಪುಟಿದ ಬೆಳಕು ಬಿಸಿಲಿನ ಚೌಕಕ್ಕಿಂತ ತುಸು ಮುಂಚೆ ಬಂದು ತುಸು ತಡವಾಗಿ ಹೋದಂತೆ ಕಾಣುತ್ತದೆ. ನಿಧಾನದ ದೃಶ್ಯದಲ್ಲಿ ಇದು ಗೊತ್ತಾಗುವುದಿಲ್ಲ, ನಿಮ್ಮಂಥ ವೇಗದ ದೃಶ್ಯದಲ್ಲಿ ಗೊತ್ತಾಗಬಹುದು.

ಬ್ರೂಟ್ ಫೋರ್ಸ್‌ಗೆ ಬಂದ ಮೇಲೆ ಕಲೆ ಹೋಗಿ ಕಾಳು ಬರುತ್ತದೆ. ಈ ನಾಯ್ಸ್ ಸ್ಯಾಂಪಲ್ ಸಂಖ್ಯೆಯ ವರ್ಗಮೂಲದ ಲೆಕ್ಕದಲ್ಲಿ ಮಾತ್ರ ಇಳಿಯುತ್ತದೆ, ಅಂದರೆ ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಸ್ಯಾಂಪಲ್ ಬೇಕು. ಇಲ್ಲಿ ಎಲ್ಲರೂ ಡಿನಾಯ್ಸರ್‌ಗೆ ಕೈ ಚಾಚುತ್ತಾರೆ, ಮತ್ತು ಹಳೆಯ ರೋಗ ಹೊಸ ಹೆಸರಿನಲ್ಲಿ ಮರಳುವುದೂ ಇಲ್ಲೇ. ಒಂದೊಂದು ಫ್ರೇಮನ್ನು ಪ್ರತ್ಯೇಕವಾಗಿ ಸ್ವಚ್ಛಗೊಳಿಸುವ ಡಿನಾಯ್ಸರ್ ತನ್ನ ಮುಂದಿರುವ ನಾಯ್ಸ್ ಅನ್ನು ನೋಡಿ ಗೋಡೆ ಹೀಗಿರಬೇಕು ಎಂದು ಊಹಿಸುತ್ತದೆ. ನಾಯ್ಸ್ ಹೆಚ್ಚಿದ್ದರೆ ಆ ಊಹೆ ಫ್ರೇಮಿನಿಂದ ಫ್ರೇಮಿಗೆ ಬದಲಾಗಿ, ಇರೇಡಿಯನ್ಸ್ ಮ್ಯಾಪಿನ ಕಲೆಗಳಂತೆಯೇ ಕಾಣುವ ಮಬ್ಬು ಅಲೆಗಳು ಗೋಡೆಯ ಮೇಲೆ ಕುದಿಯತೊಡಗುತ್ತವೆ. ಅದಕ್ಕಾಗಿ ಮೊದಲು ಡಿನಾಯ್ಸರ್ ಇಲ್ಲದೆ, ಕಾಳು ಸಣ್ಣದಾಗಿ ಸಮವಾಗಿ ಹರಡುವವರೆಗೆ ಸ್ಯಾಂಪಲ್ ಏರಿಸಿ, ಆಮೇಲಷ್ಟೇ ಅದನ್ನು ಸೇರಿಸಿ. ಆಲ್ಬೀಡೊ (ಮೇಲ್ಮೈಯ ಬಣ್ಣ) ಮತ್ತು ನಾರ್ಮಲ್ (ಮೇಲ್ಮೈ ಮುಖ ಮಾಡಿದ ದಿಕ್ಕು) ಪಾಸುಗಳನ್ನೂ, ಅಂದರೆ ಅವನ್ನು ಮಾತ್ರ ತೋರಿಸುವ ಪ್ರತ್ಯೇಕ ಚಿತ್ರಗಳನ್ನೂ, ಅದಕ್ಕೆ ಒದಗಿಸಿ. ಸಣ್ಣ ಕಾಳನ್ನು ಹಾಗೇ ಬಿಟ್ಟರೂ ಪ್ರೇಕ್ಷಕರು ಅದನ್ನು ಫಿಲ್ಮಿನ ಗ್ರೇನ್ ಎಂದುಕೊಂಡು ಸುಮ್ಮನಾಗುತ್ತಾರೆ, ಕುದಿಯುವ ಗೋಡೆಯನ್ನು ಮಾತ್ರ ಯಾರೂ ಕ್ಷಮಿಸುವುದಿಲ್ಲ.

ಹಲವು ಫ್ರೇಮುಗಳನ್ನು ಒಟ್ಟಿಗೆ ನೋಡುವ ಟೆಂಪೊರಲ್ ಡಿನಾಯ್ಸರ್‌ಗಳು ಇದಕ್ಕಿಂತ ಮೇಲು, ಆದರೆ ಬದಲಾಗುವ ಹಗಲು ಬೆಳಕಿನಲ್ಲಿ ಅವುಗಳಿಗೊಂದು ಕುರುಡುತನವಿದೆ. ಹಿಂದಿನ ಫ್ರೇಮಿನ ಯಾವ ಪಿಕ್ಸೆಲ್ ಈಗ ಎಲ್ಲಿದೆ ಎಂದು ಹುಡುಕಲು ಅವು ಮೋಶನ್ ವೆಕ್ಟರ್‌ಗಳನ್ನು ನೆಚ್ಚಿಕೊಂಡಿರುತ್ತವೆ. ಮೋಶನ್ ವೆಕ್ಟರ್‌ಗೆ ಗೋಡೆ ಮತ್ತು ಕುರ್ಚಿಗಳ ಚಲನೆ ಗೊತ್ತು, ನೆರಳಿನ ಚಲನೆ ಗೊತ್ತಿಲ್ಲ. ನೆಲ ನಿಂತಲ್ಲೇ ನಿಂತಿದೆ, ಆದ್ದರಿಂದ ಹಿಂದಿನ ಬಣ್ಣವನ್ನು ಬೆರೆಸಬಹುದು ಎಂದು ತೀರ್ಮಾನಿಸಿದರೆ ಬಿಸಿಲಿನ ಚೌಕದ ಹಿಂದೆ ಒಂದು ಮಸುಕು ಬಾಲ ಎಳೆದಂತಾಗುತ್ತದೆ. ಇದನ್ನು ತಪ್ಪಿಸಲು ಸೂರ್ಯನ ನೇರ ಬೆಳಕನ್ನು ಪ್ರತ್ಯೇಕ ಪಾಸಿನಲ್ಲಿ ತೆಗೆದು ಅದನ್ನು ಡಿನಾಯ್ಸ್ ಮಾಡದೆ ಬಿಡಿ, ಪುಟಿದ ಬೆಳಕಿನ ಪಾಸಿಗೆ ಮಾತ್ರ ಟೆಂಪೊರಲ್ ವಿಧಾನ ಬಳಸಿ. ಸೂರ್ಯನ ನೇರ ಬೆಳಕಿನಲ್ಲಿ ಹೇಗೂ ನಾಯ್ಸ್ ಕಡಿಮೆ.

ಸೀಡ್ (ಕಿರಣಗಳ ಯಾದೃಚ್ಛಿಕ ವಿನ್ಯಾಸವನ್ನು ನಿರ್ಧರಿಸುವ ಸಂಖ್ಯೆ) ವಿಚಾರದಲ್ಲಿ ಒಂದು ಮಾತು. ಎಲ್ಲ ಫ್ರೇಮಿಗೂ ಒಂದೇ ಸೀಡ್ ಇಟ್ಟರೆ ಮಿನುಗು ನಿಂತಂತೆ ತೋರುತ್ತದೆ, ಆದರೆ ಕಾಳಿನ ವಿನ್ಯಾಸ ಪರದೆಗೆ ಅಂಟಿಕೊಂಡು, ಕ್ಯಾಮೆರಾ ಚಲಿಸಿದಾಗ ಕೊಳೆಯಾದ ಗಾಜಿನ ಹಿಂದಿನಿಂದ ಕೋಣೆಯನ್ನು ನೋಡಿದಂತಾಗುತ್ತದೆ. ನಿಮ್ಮ ಕ್ಯಾಮೆರಾ ಸರಿಯುತ್ತಿರುವುದರಿಂದ ಸೀಡ್ ಪ್ರತಿ ಫ್ರೇಮಿಗೂ ಬದಲಾಗಲಿ.

ಇನ್ನು ಸೂರ್ಯನ ನಡೆ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. 12 ಗಂಟೆಯನ್ನು 500 ಫ್ರೇಮಿಗೆ ಹಂಚಿದರೆ ಫ್ರೇಮಿಗೆ 0.36 ಡಿಗ್ರಿ. ಭೂಮಿಯಿಂದ ಕಾಣುವ ಸೂರ್ಯಬಿಂಬದ ಅಗಲ ಸುಮಾರು 0.53 ಡಿಗ್ರಿ. ಈ ಎರಡು ಸಂಖ್ಯೆಗಳ ಸಂಬಂಧವೇ ಇಲ್ಲಿ ಮುಖ್ಯ. ನೆರಳಿನ ಅಂಚಿನ ಮಸುಕು ಪಟ್ಟಿ ಬಿಂಬದ ಅಗಲದಿಂದ ಹುಟ್ಟುತ್ತದೆ. ಫ್ರೇಮಿನ ಹೆಜ್ಜೆ ಬಿಂಬಕ್ಕಿಂತ ಚಿಕ್ಕದಾಗಿದ್ದರೆ ಒಂದು ಫ್ರೇಮಿನ ಮಸುಕು ಪಟ್ಟಿ ಮುಂದಿನ ಫ್ರೇಮಿನದರ ಮೇಲೆ ಹಾಸಿಕೊಂಡು ಚಲನೆ ನುಣುಪಾಗಿ ಕಾಣುತ್ತದೆ. ನೀವು ಆ ಮಿತಿಯೊಳಗೇ ಇದ್ದೀರಿ. ಅದೇ 12 ಗಂಟೆಯನ್ನು 5 ಸೆಕೆಂಡಿಗೆ ಇಳಿಸಿದ್ದರೆ ಹೆಜ್ಜೆ 1.44 ಡಿಗ್ರಿಯಾಗಿ, ಬಿಂಬದ ಮೂರು ಪಟ್ಟಿನ ಹತ್ತಿರ ಹೋಗಿ ನೆರಳು ಕುಪ್ಪಳಿಸುತ್ತಿತ್ತು. ಅಂಥ ಸಂದರ್ಭದಲ್ಲಿ ಸೂರ್ಯನ ಗಾತ್ರವನ್ನು ಅದೇ ಪ್ರಮಾಣದಲ್ಲಿ ಹಿಗ್ಗಿಸಬಹುದು, ಇಲ್ಲವೇ ಪ್ರತಿ ಫ್ರೇಮನ್ನು ನಾಲ್ಕು ಉಪಫ್ರೇಮುಗಳಾಗಿ ರೆಂಡರ್ ಮಾಡಿ ಸರಾಸರಿ ತೆಗೆಯಬಹುದು. ಎರಡನೆಯದು ಹೆಚ್ಚು ಪ್ರಾಮಾಣಿಕ. ನಾಯ್ಸ್ ಕೂಡ ಅದರಲ್ಲೇ ಸರಾಸರಿಯಾಗಿ ಇಳಿಯುವುದರಿಂದ ದುಡಿಮೆ ವ್ಯರ್ಥವಾಗುವುದಿಲ್ಲ.

ಸೂರ್ಯನನ್ನು ಗಾತ್ರವೇ ಇಲ್ಲದ ಬಿಂದುವಾಗಿ ಇಟ್ಟವರಿಗೆ ಮಾತ್ರ ಬರುವ ಒಂದು ತೊಂದರೆ ಕಿಟಕಿಯ ಪಟ್ಟಿಪರದೆಗಳದ್ದು. ಪಟ್ಟಿಗಳ ನಡುವಿನ ಅಂತರ 2.5 ಸೆಂಟಿಮೀಟರ್ ಇದ್ದು, ಕಿರಣ ಅಲ್ಲಿಂದ 3 ಮೀಟರ್ ದೂರದ ನೆಲಕ್ಕೆ ಬೀಳುತ್ತದೆ ಎಂದುಕೊಳ್ಳಿ. ನಿಜವಾದ ಬಿಂಬದಿಂದ ಅಲ್ಲಿ ಹುಟ್ಟುವ ಮಸುಕು ಸುಮಾರು 2.8 ಸೆಂಟಿಮೀಟರ್, ಹಾಗಾಗಿ ಗೆರೆಗಳು ಒಂದರಲ್ಲೊಂದು ಕರಗಿ ನೆಲದ ಮೇಲೆ ಸಮನಾದ ಮಂದ ಬೆಳಕು ಬೀಳುತ್ತದೆ. ಬಿಂದು ಸೂರ್ಯನಲ್ಲಾದರೆ ಚೂಪಾದ ಗೆರೆಗಳು ಉಳಿದು, ಪ್ರತಿ ಫ್ರೇಮಿಗೂ ಹೆಚ್ಚುಕಡಿಮೆ ಒಂದು ಗೆರೆಯಷ್ಟು ದೂರ ಹಾರಿ, ಕೆಲವೊಮ್ಮೆ ಹಿಂದಕ್ಕೆ ಓಡಿದಂತೆಯೂ ಕಾಣುತ್ತವೆ. ಎಷ್ಟು ಸ್ಯಾಂಪಲ್ ಸುರಿದರೂ ಇದು ಹೋಗುವುದಿಲ್ಲ, ಏಕೆಂದರೆ ಪ್ರತಿ ಫ್ರೇಮೂ ತನ್ನಷ್ಟಕ್ಕೆ ಸರಿಯಾಗಿಯೇ ಇದೆ.

ಸೂರ್ಯನನ್ನು ಓಡಿಸುವ ಬಗೆಯೂ ಒಮ್ಮೊಮ್ಮೆ ಮೋಸ ಮಾಡುತ್ತದೆ. ದಿಕ್ಕಿನ ಕೋನ 179 ಡಿಗ್ರಿಯಿಂದ ಋಣ 179ಕ್ಕೆ ಜಿಗಿಯುವ ಜಾಗದಲ್ಲಿ ಸಾಫ್ಟ್‌ವೇರು ಅದನ್ನು ಎರಡು ಡಿಗ್ರಿಯ ಹೆಜ್ಜೆ ಎಂದು ತಿಳಿಯದೆ, ಮೋಶನ್ ಬ್ಲರ್‌ಗಾಗಿ ನಡುವಿನ ಸ್ಥಾನ ಕೇಳಿದಾಗ ಸೂರ್ಯನನ್ನು ಇಡೀ ಆಕಾಶ ಸುತ್ತಿಸಿ ತರಬಹುದು. ಒಂದೇ ಒಂದು ಫ್ರೇಮು ಫಕ್ಕನೆ ಬೇರೆಯಾಗಿ ಹೊಳೆದರೆ ಮೊದಲು ಇದನ್ನು ಅನುಮಾನಿಸಿ. ಸೂರ್ಯನ ಸ್ಥಾನಕ್ಕೆ ಕೈಯಿಂದ ಕೀಫ್ರೇಮ್ (ಆಯ್ದ ಫ್ರೇಮಿಗೆ ಗೊತ್ತುಪಡಿಸಿದ ಮೌಲ್ಯ) ಹಾಕುವುದಕ್ಕಿಂತ ಸಮಯವೆಂಬ ಒಂದೇ ಮೌಲ್ಯವನ್ನು ಸರಳರೇಖೆಯಲ್ಲಿ ಓಡಿಸುವುದು ಲೇಸು. ದಿಗಂತದ ಹತ್ತಿರವೂ ಎಚ್ಚರ ಬೇಕು: ಆಕಾಶದ ಬೆಳಕನ್ನು ಲೆಕ್ಕ ಹಾಕುವ 1999ರ ಪ್ರೀತಮ್ ಮಾದರಿ, 2012ರ ಹೊಸೆಕ್-ವಿಲ್ಕಿ ಮಾದರಿ ಎರಡೂ ಸೂರ್ಯ ದಿಗಂತದ ಮೇಲಿರುವಾಗಿನ ಆಕಾಶಕ್ಕಾಗಿ ರೂಪಿಸಿದವು. ಮುಳುಗಿದ ನಂತರದ ಬೆಳಕು ಬೇಕಿದ್ದರೆ ಸಂಧ್ಯೆಯ ಆಕಾಶವನ್ನು ಬೇರೆಯಾಗಿ ಸಿದ್ಧಪಡಿಸಿ, ಹಲವು ಫ್ರೇಮುಗಳುದ್ದಕ್ಕೂ ಬೆರೆಸಿ.

ಎಚ್‌ಡಿಆರ್‌ಐ ಚಿತ್ರಗಳನ್ನು (ಸುತ್ತಲಿನ 360 ಡಿಗ್ರಿಯ ಬೆಳಕನ್ನು ಹಿಡಿದಿಟ್ಟ ಚಿತ್ರಗಳನ್ನು) ಒಂದರಿಂದ ಇನ್ನೊಂದಕ್ಕೆ ಕ್ರಾಸ್‌ಫೇಡ್ ಮಾಡಿ ದಿನವನ್ನು ತೋರಿಸಲು ಹೋಗುವವರೂ ಇದ್ದಾರೆ. ಬೆರೆಯುವ ಹೊತ್ತಿನಲ್ಲಿ ಆಕಾಶದಲ್ಲಿ ಎರಡು ಸೂರ್ಯರಿದ್ದು, ಒಂದು ನೆರಳು ಮಾಸುತ್ತ ಇನ್ನೊಂದು ಮೂಡುತ್ತದೆ. ಆಕಾಶವನ್ನು ಚಿತ್ರಸರಣಿಯಾಗಿ ಬೇಕ್ ಮಾಡಿದರೆ (ಮೊದಲೇ ಲೆಕ್ಕಿಸಿ ಉಳಿಸಿದರೆ) ತೊಂದರೆ ಇನ್ನೊಂದು ಬಗೆಯದು: 1024 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಒಂದು ಪಿಕ್ಸೆಲ್ ಸುಮಾರು 0.35 ಡಿಗ್ರಿ, ಅಂದರೆ ಇಡೀ ಸೂರ್ಯ ಒಂದೂವರೆ ಪಿಕ್ಸೆಲ್. ಅವನು ಪಿಕ್ಸೆಲಿನಿಂದ ಪಿಕ್ಸೆಲಿಗೆ ದಾಟುವಾಗ ಕೋಣೆಯ ಬೆಳಕೇ ಏರಿಳಿಯುತ್ತದೆ. ಚಿತ್ರದಿಂದ ಸೂರ್ಯನನ್ನು ಅಳಿಸಿ, ಅವನಿಗೆ ಪ್ರತ್ಯೇಕ ಸನ್ ಲೈಟ್ ಇಡುವುದು ಎರಡಕ್ಕೂ ಮದ್ದು.

ಎಕ್ಸ್‌ಪೋಶರ್ ಅನ್ನು ಎಂದಿಗೂ ಆಟೊದಲ್ಲಿ ಬಿಡಬೇಡಿ. ಮಧ್ಯಾಹ್ನದ ನಿಚ್ಚಳ ಬಿಸಿಲು ಸುಮಾರು 1 ಲಕ್ಷ ಲಕ್ಸ್, ಸೂರ್ಯ ದಿಗಂತ ಮುಟ್ಟಿದಾಗ ಸುಮಾರು 400 ಲಕ್ಸ್. ಇದು 250 ಪಟ್ಟು, ಹತ್ತಿರ ಹತ್ತಿರ 8 ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು). ಇಷ್ಟು ದೊಡ್ಡ ಅಂತರವನ್ನು ಆಟೊ ಎಕ್ಸ್‌ಪೋಶರ್ ಪ್ರತಿ ಫ್ರೇಮಿಗೂ ಹೊಸದಾಗಿ ಊಹಿಸುತ್ತ ಹೋದರೆ ಬಿಸಿಲಿನ ಚೌಕ ಬಂದಾಗಲೆಲ್ಲ ಕೋಣೆ ಕಣ್ಣು ಮಿಟುಕಿಸುತ್ತದೆ. ಆಟೊ ವೈಟ್ ಬ್ಯಾಲೆನ್ಸ್‌ಗೂ ಇದೇ ಮಾತು. ಬೆಳಿಗ್ಗೆ, ನಡುಹಗಲು, ಸಂಜೆ ಎಂದು ಮೂರು ನಾಲ್ಕು ಕೀಫ್ರೇಮುಗಳನ್ನು ಕೈಯಿಂದ ಹಾಕಿ. ಲಕ್ಸ್ ಅಥವಾ ಶಟರ್ ಮೌಲ್ಯಕ್ಕಲ್ಲ, ಸ್ಟಾಪುಗಳಲ್ಲಿ ಎಣಿಸುವ ಇವಿ (ಎಕ್ಸ್‌ಪೋಶರ್ ವ್ಯಾಲ್ಯೂ) ಮೌಲ್ಯಕ್ಕೆ ಹಾಕಿ, ಕಣ್ಣು ಬೆಳಕನ್ನು ಸ್ಟಾಪುಗಳಲ್ಲೇ ಗ್ರಹಿಸುವುದರಿಂದ ಬದಲಾವಣೆ ಸಮನಾಗಿ ಕಾಣುತ್ತದೆ. ಈ ಇವಿ ರೆಂಡರ್ ಕ್ಯಾಮೆರಾದಲ್ಲೇ ಇರಲಿ. ಸಂಜೆಯ ಫ್ರೇಮುಗಳನ್ನು ಕತ್ತಲೆಯಾಗಿ ರೆಂಡರ್ ಮಾಡಿ ಆಮೇಲೆ ಎತ್ತಿದರೆ, ಕತ್ತಲಲ್ಲಿ ಅಡಗಿದ್ದ ನಾಯ್ಸ್ ಕೂಡ ಜೊತೆಗೇ ಎದ್ದುಬರುತ್ತದೆ.

ನಿಮ್ಮ ಕ್ಯಾಮೆರಾವನ್ನು ನಿಲ್ಲಿಸಲು ಸಾಧ್ಯವೇ ಎಂದು ನಾನು ಕೇಳದೆ ಇರಲಾರೆ. ನೆರಳುಗಳು ಓಡುವಾಗ ಕ್ಯಾಮೆರಾವೂ ಸರಿದರೆ ನೋಡುವವರ ಗಮನ ಎರಡೂ ಕಡೆ ಹರಿದುಹೋಗುತ್ತದೆ; ನಿಂತ ಕ್ಯಾಮೆರಾದಲ್ಲಿ ದಿನ ಕಳೆಯುವುದೇ ಚೆಂದ. ಹಾಗೆ ನಿಲ್ಲಿಸಿದರೆ ಇನ್ನೊಂದು ದೊಡ್ಡ ಅನುಕೂಲ ಸಿಗುತ್ತದೆ. ಸೂರ್ಯನ ಬೆಳಕಿನ ಚಿತ್ರ ಮತ್ತು ಆಕಾಶದ ಬೆಳಕಿನ ಚಿತ್ರವನ್ನು ಬೇರೆ ಬೇರೆಯಾಗಿ ತೆಗೆದು ಕೂಡಿಸಿದರೆ ಎರಡೂ ಒಟ್ಟಿಗಿರುವ ಚಿತ್ರವೇ ಬರುತ್ತದೆ, ಏಕೆಂದರೆ ಬೆಳಕು ಕೂಡುತ್ತ ಹೋಗುವ ವಸ್ತು. ಆಕಾಶದ ಬೆಳಕು ನಿಧಾನವಾಗಿ ಬದಲಾಗುವುದರಿಂದ ಅದನ್ನು 20 ಫ್ರೇಮಿಗೊಮ್ಮೆ, ಒಟ್ಟು 26 ಚಿತ್ರಗಳಾಗಿ, ಧಾರಾಳ ಸ್ಯಾಂಪಲ್‌ಗಳೊಂದಿಗೆ ರೆಂಡರ್ ಮಾಡಿ ನಡುವಿನವನ್ನು ಬೆರೆಸಿ ಪಡೆಯಬಹುದು. ಸೂರ್ಯನಿಂದ ಪುಟಿದ ಬೆಳಕನ್ನು 5 ಫ್ರೇಮಿಗೊಮ್ಮೆ ತೆಗೆದರೆ ಸಾಕು. ಸೂರ್ಯನ ನೇರ ಬೆಳಕು ಮಾತ್ರ 500 ಫ್ರೇಮಿಗೂ ಬೇಕು, ಅದು ಬೇಗ ಮುಗಿಯುವ ಕೆಲಸ. ಎರಡು ಚಿತ್ರಗಳ ನಡುವೆ ಬೆರೆಸಿದ ಫ್ರೇಮು ಮಿನುಗಲು ಕಾರಣವೇ ಇರುವುದಿಲ್ಲ. ಈ ಕೂಡಿಕೆ, ಬೆರಕೆಗಳೆಲ್ಲ ಟೋನ್ ಮ್ಯಾಪಿಂಗ್‌ಗೆ (ಬೆಳಕನ್ನು ಪರದೆಗೆ ಹೊಂದಿಸುವ ಹಂತಕ್ಕೆ) ಮೊದಲು, ಲೀನಿಯರ್ (ನಿಜ ಬೆಳಕಿಗೆ ನೇರ ಅನುಪಾತದ) ಮೌಲ್ಯಗಳಲ್ಲಿ, 16 ಬಿಟ್ ಇಎಕ್ಸ್ಆರ್ ಫೈಲುಗಳ ಮೇಲೆ ನಡೆಯಬೇಕು. ಜೆಪೆಗ್ ಮೇಲೆ ಮಾಡಿದರೆ ಮೊತ್ತ ತಪ್ಪುತ್ತದೆ. ಎಕ್ಸ್‌ಪೋಶರ್ ಕೀಫ್ರೇಮುಗಳನ್ನೂ ಈ ವಿಧಾನದಲ್ಲಿ ಮಾತ್ರ ಕೂಡಿಸಿದ ನಂತರವೇ ಅನ್ವಯಿಸಬೇಕಾಗುತ್ತದೆ; ಪಾಸುಗಳ ಸ್ಯಾಂಪಲ್ ಧಾರಾಳವಾಗಿರಬೇಕು ಎಂದದ್ದು ಅದಕ್ಕೇ.

ರೆಂಡರ್‌ಗೆ ಹಲವು ಯಂತ್ರಗಳನ್ನು ಹಚ್ಚಿದ್ದರೆ ಫ್ರೇಮ್ ಸಂಖ್ಯೆಗಳನ್ನೂ ಗಮನಿಸಿ. ಬೇರೆಯಾಗಿ ಕಾಣುವ ಫ್ರೇಮುಗಳೆಲ್ಲ ಒಂದೇ ಯಂತ್ರದಿಂದ ಬಂದಿದ್ದರೆ ಅದರ ಸಾಫ್ಟ್‌ವೇರ್ ಆವೃತ್ತಿ ಅಥವಾ ಸಿಗದ ಟೆಕ್ಸ್‌ಚರ್ ಕಾರಣ. ಪರಿಶೀಲನೆ ಯಾವಾಗಲೂ ಚಿತ್ರಸರಣಿಯ ಮೇಲೆ ನಡೆಯಲಿ, ವಿಡಿಯೊ ಫೈಲಿನ ಮೇಲಲ್ಲ. ಕಡಿಮೆ ಬಿಟ್‌ರೇಟಿನ ಎಚ್.264ರಲ್ಲಿ ನಿಯಮಿತ ಅಂತರದಲ್ಲಿ ಗೋಡೆ ಮಿಡಿದಂತೆ ಕಾಣುವುದು ಕಂಪ್ರೆಶನ್ನಿನ ಕೆಲಸ. ಡಿಫ್ಲಿಕರ್ ಪ್ಲಗಿನ್‌ಗಳನ್ನು ನಾನು ಸಾಮಾನ್ಯವಾಗಿ ಸೂಚಿಸುವುದಿಲ್ಲ. ಇಡೀ ಫ್ರೇಮಿನ ಪ್ರಕಾಶ ಏರಿಳಿದರೆ ಅವು ಸರಿಪಡಿಸಬಲ್ಲವು, ಅಲ್ಲಲ್ಲಿ ಕುಣಿಯುವ ಕಲೆಗಳ ಮುಂದೆ ಬಹುಪಾಲು ಕೈಚೆಲ್ಲುತ್ತವೆ.

ಸೆಟ್ಟಿಂಗ್ ಬದಲಿಸಿದ ಮೇಲೆ 500 ಫ್ರೇಮನ್ನೂ ಒಮ್ಮೆಗೇ ಹಚ್ಚಬೇಡಿ. ಸೂರ್ಯ ಏರುವ ಮೊದಲ 25 ಫ್ರೇಮು, ಬಿಸಿಲಿನ ಚೌಕ ಕೋಣೆಗೆ ಮೊದಲು ಕಾಲಿಡುವ ಜಾಗದ 25, ಮಬ್ಬುಗತ್ತಲಿನ ಕೊನೆಯ 25 ಸಾಕು. ಇವನ್ನು ಪೂರ್ಣ ರೆಸಲ್ಯೂಶನ್‌ನಲ್ಲೇ ತೆಗೆದು, ಛಾವಣಿಯ ಮೂಲೆಯನ್ನು ದೊಡ್ಡದು ಮಾಡಿ, ಮತ್ತೆ ಮತ್ತೆ ಓಡಿಸಿ ನೋಡಿ. ಚಿಕ್ಕ ಗಾತ್ರದ ಪರೀಕ್ಷೆಯಲ್ಲಿ ಕಾಣದ ಕುದಿತ ಅಲ್ಲಿ ಕಾಣುತ್ತದೆ. ಅಲ್ಲಿ ಕಾಣದಿದ್ದರೆ ಉಳಿದ ಫ್ರೇಮುಗಳನ್ನು ಧೈರ್ಯವಾಗಿ ರೆಂಡರ್‌ಗೆ ಕಳುಹಿಸಬಹುದು.